ಭಾನುವಾರದ ಓಟದಿಂದ ಶನಿವಾರದ ವೈನ್ ತೀರುವುದಿಲ್ಲ

ತಂಗಿ, ನಮ್ಮ ಓಟದ ಗುಂಪಿನಲ್ಲಿ ನೀವು, ಶನಿವಾರ ಸಂಜೆಯ ಎರಡು ಗ್ಲಾಸ್ ವೈನನ್ನು ಭಾನುವಾರ ಕಬ್ಬನ್ ಪಾರ್ಕಿನ ಹದಿನೈದು ಕಿಲೋಮೀಟರ್ ಓಟದಲ್ಲಿ ಕರಗಿಸಿಬಿಟ್ಟೆ ಎಂದು ಬರೆದಿದ್ದೀರಿ. ಅದರ ಕೆಳಗೆ, ಹೊಸದಾಗಿ ಸೇರಿದ ಸದಸ್ಯೆಯೊಬ್ಬರಿಗೆ, ವಾರಕ್ಕೆ ನಾಲ್ಕು ದಿನ ಓಡುವವರಿಗೆ ಸ್ತನ ಕ್ಯಾನ್ಸರಿನ ಭಯ ಬೇಡ ಎಂದು ಧೈರ್ಯವನ್ನೂ ಹೇಳಿದ್ದೀರಿ. ಮೊದಲನೆಯ ಮಾತಿಗೆ ಸುಮ್ಮನಿರಬಹುದಿತ್ತು, ಎರಡನೆಯದಕ್ಕೆ ಆಗಲಿಲ್ಲ. ಇವೆರಡನ್ನೂ ಆರು ವರ್ಷ ನಂಬಿಕೊಂಡಿದ್ದವಳು ನಾನು.

ಓಟದಲ್ಲಿ ಕರಗುವುದು ಕ್ಯಾಲೊರಿ ಮಾತ್ರ, ಮದ್ಯದಿಂದ ಹೆಚ್ಚುವ ಸ್ತನ ಕ್ಯಾನ್ಸರಿನ ಅಪಾಯವಲ್ಲ. ವೈನಿನಲ್ಲಿರುವ ಆಲ್ಕೋಹಾಲ್, ಅಂದರೆ ಎಥನಾಲ್, ದೇಹದೊಳಗೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಮಟ್ಟವನ್ನು ಏರಿಸುತ್ತದೆ, ಫೋಲೇಟ್ ಎಂಬ ಬಿ ವಿಟಮಿನ್ ಸರಿಯಾಗಿ ಬಳಕೆಯಾಗದಂತೆ ಮಾಡುತ್ತದೆ. ಶನಿವಾರ ರಾತ್ರಿಯೇ ಆಗಿಹೋದ ಈ ಹಾನಿಯನ್ನು ಮರುದಿನದ ಬೆವರು ಅಳಿಸಲಾರದು. ವ್ಯಾಯಾಮವು ಈಸ್ಟ್ರೋಜನ್ ಮತ್ತು ಇನ್ಸುಲಿನ್ ಮಟ್ಟವನ್ನು ತಗ್ಗಿಸಿ, ಋತುಬಂಧದ ನಂತರ ಕೊಬ್ಬು ಸೇರುವುದನ್ನು ತಡೆದು ಅಪಾಯವನ್ನು ಇಳಿಸುವುದು ನಿಜ. ಆದರೆ ಆ ಲಾಭ ಕುಡಿಯದವಳಿಗೂ ಸಿಗುತ್ತದೆ. ಓಟದ್ದೊಂದು ಖಾತೆ, ವೈನಿನದು ಇನ್ನೊಂದು ಖಾತೆ. ನಾನು ಎರಡನ್ನೂ ಒಂದೇ ಪುಟದಲ್ಲಿ ಬರೆದು ಕೂಡಿ ಕಳೆಯುತ್ತಿದ್ದೆ.

ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಮೊದಲ ಪೂರ್ಣ ಮ್ಯಾರಥಾನಿಗೆ ತಯಾರಿ ನಡೆದಿದ್ದಾಗ, ಎಡಸ್ತನದ ಹೊರಬದಿಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಪುಷ್‌ಅಪ್ ಮಾಡಿ ಸ್ನಾಯು ಗಂಟುಕಟ್ಟಿರಬೇಕೆಂದುಕೊಂಡೆ. ಆಮೇಲೆ ಸ್ಪೋರ್ಟ್ಸ್ ಬ್ರಾದ ಪಟ್ಟಿ ಒತ್ತಿರಬೇಕೆಂದುಕೊಂಡು ಬ್ರಾ ಬದಲಿಸಿದೆ. ಇಷ್ಟು ಓಡುವವಳಿಗೆ ಅದು ಬರುವುದಿಲ್ಲ ಎಂಬ ಒಂದೇ ನಂಬಿಕೆಯಲ್ಲಿ ನಾಲ್ಕು ತಿಂಗಳು ಕಳೆದೆ. ಆ ನಾಲ್ಕು ತಿಂಗಳೂ ವಾರಾಂತ್ಯದ ವೈನ್ ಮುಂದುವರಿದೇ ಇತ್ತು. ಕೊನೆಗೆ ಅಕ್ಕ ಕೈಹಿಡಿದು ಎಳೆದುಕೊಂಡು ಹೋದಳು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲವೆಂದು ತಿಳಿಯಿತು. ಆದರೆ ವರದಿ ಬರುವವರೆಗಿನ ಆರು ದಿನ ನಾನು ಹೇಗಿದ್ದೆನೆಂಬುದನ್ನು ಇಂದಿಗೂ ಮರೆತಿಲ್ಲ. ಆದ್ದರಿಂದ ಆ ಹೊಸ ಸದಸ್ಯೆಗೆ ಹೇಳಿದ ಮಾತನ್ನು ದಯವಿಟ್ಟು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ. ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು ಅಥವಾ ರಕ್ತ ಒಸರುವುದು ಕಂಡರೆ, ಓಡುವವರಾಗಲಿ ಓಡದವರಾಗಲಿ, ಆ ವಾರವೇ ವೈದ್ಯರಿಗೆ ತೋರಿಸಬೇಕು.

ಮದ್ಯಪಾನದ ಬಗ್ಗೆ ವೈದ್ಯರು ಕೇಳಿದಾಗ ನಾನು ‘ಅಪರೂಪಕ್ಕೆ’ ಎಂದಿದ್ದೆ. ಅವರು ಗ್ರಾಮಿನಲ್ಲಿ ಹೇಳಿ ಎಂದರು. ಮನೆಗೆ ಬಂದು, ನಾನು ಯಾವಾಗಲೂ ತುಂಬಿಸುತ್ತಿದ್ದ ಮಟ್ಟಕ್ಕೆ ಗ್ಲಾಸಿಗೆ ನೀರು ಹಾಕಿ, 30 ಮಿ.ಲೀ. ಅಳತೆಯ ಸ್ಟೀಲ್ ಬಟ್ಟಲಿನಿಂದ ಅಳೆದೆ. 150 ಇರಬಹುದೆಂದುಕೊಂಡಿದ್ದದ್ದು 220 ಇತ್ತು. ಮಿ.ಲೀ.ಯನ್ನು ಲೇಬಲ್ಲಿನಲ್ಲಿರುವ ಆಲ್ಕೋಹಾಲಿನ ಶೇಕಡಾವಾರಿನಿಂದ ಗುಣಿಸಿ, ನೂರರಿಂದ ಭಾಗಿಸಿ, 0.79ರಿಂದ ಗುಣಿಸಿದರೆ ಆಲ್ಕೋಹಾಲಿನ ಗ್ರಾಂ ಸಿಗುತ್ತದೆ. ಶೇಕಡಾ 13ರ ವೈನ್ 220 ಮಿ.ಲೀ. ಎಂದರೆ 22 ಗ್ರಾಂ ದಾಟುತ್ತದೆ. ವಾರಕ್ಕೆ ನಾಲ್ಕು ಗ್ಲಾಸಾದರೆ 90 ಗ್ರಾಂ, ದಿನದ ಸರಾಸರಿ 13 ಗ್ರಾಂ. ನಮ್ಮಲ್ಲಿ ಸಿಗುವ ಶೇಕಡಾ 42.8ರ ವಿಸ್ಕಿ, ಜಿನ್, ರಮ್ಮುಗಳ ಒಂದು ಸ್ಮಾಲ್ ಪೆಗ್ (30 ಮಿ.ಲೀ.) 10 ಗ್ರಾಂ, ಲಾರ್ಜ್ (60 ಮಿ.ಲೀ.) 20. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ 41 ಗ್ರಾಂ. ಇದನ್ನೆಲ್ಲ ನಾನು ಆ್ಯಪಿನಲ್ಲಿ ಬರೆಯುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಮನೆಯವರೆಲ್ಲರಿಗೂ ಕಾಣುವಂತೆ ಬರೆಯುತ್ತೇನೆ. ಮೂರನೆಯ ತಿಂಗಳಿಗೆ 90 ಇದ್ದದ್ದು 20ಕ್ಕೆ ಇಳಿಯಿತು, ಈಗ ಎರಡು ವರ್ಷದಿಂದ ಸೊನ್ನೆಯಲ್ಲಿದೆ.

13 ಗ್ರಾಂ ಯಾವ ಮಹಾ ಎನ್ನುವವರಿಗಾಗಿ ಹೇಳುತ್ತೇನೆ. ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ದಾದಿಯರನ್ನು 1980ರಿಂದ 2008ರವರೆಗೆ ಗಮನಿಸಿದ ಅಧ್ಯಯನದಲ್ಲಿ, ದಿನಕ್ಕೆ 5ರಿಂದ 10 ಗ್ರಾಂ ಸೇವಿಸುತ್ತಿದ್ದವರಲ್ಲಿಯೇ ಸ್ತನ ಕ್ಯಾನ್ಸರ್ ಕುಡಿಯದವರಿಗಿಂತ ಶೇಕಡಾ 15ರಷ್ಟು ಹೆಚ್ಚು ಕಂಡುಬಂದಿತ್ತು. ಇದರರ್ಥ ನೂರರಲ್ಲಿ ಹದಿನೈದು ಮಂದಿಗೆ ಬರುತ್ತದೆ ಎಂದಲ್ಲ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ (ಸರ್ಜನ್ ಜನರಲ್) ಆಗಿದ್ದಾಗ 2025ರ ಜನವರಿಯಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ವಾರಕ್ಕೆ ಒಂದು ಡ್ರಿಂಕಿಗಿಂತ ಕಡಿಮೆ ಕುಡಿಯುವ ನೂರು ಮಹಿಳೆಯರಲ್ಲಿ ಜೀವಮಾನದಲ್ಲಿ ಸುಮಾರು 11 ಮಂದಿಗೆ, ದಿನಕ್ಕೊಂದು ಕುಡಿದರೆ 13 ಮಂದಿಗೆ, ಎರಡು ಕುಡಿದರೆ 15 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅವರ ಒಂದು ಡ್ರಿಂಕ್ ಎಂದರೆ 14 ಗ್ರಾಂ, ಹೆಚ್ಚುಕಡಿಮೆ ನನ್ನ ದಿನದ ಲೆಕ್ಕವೇ. ಭಾರತದ ಮಹಿಳೆಯರಲ್ಲಿ ಮೂಲ ಅಪಾಯ ಇದಕ್ಕಿಂತ ಕಡಿಮೆ ಎಂಬುದು ನೆನಪಿರಲಿ. ಹಾಗೆಂದು ಬೆಂಗಳೂರಿನ ಮಹಿಳೆಯರಲ್ಲಿ ಮೊದಲ ಸ್ಥಾನದಲ್ಲಿರುವ ಕ್ಯಾನ್ಸರ್ ಇದೇ ಎಂಬುದನ್ನೂ ಮರೆಯಬಾರದು.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ವಾದವನ್ನು ದಯವಿಟ್ಟು ಇಲ್ಲಿ ತರಬೇಡಿ. ಸುಲಾ ವೈನಿಗಿಂತ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನ್ ನನ್ನ ನಾಲಿಗೆಗೆ ಹೆಚ್ಚು ಹಿಡಿಸುತ್ತಿತ್ತು, ಆದರೆ ಸ್ತನದ ಜೀವಕೋಶಕ್ಕೆ ಎರಡರಲ್ಲಿರುವುದೂ ಒಂದೇ ಎಥನಾಲ್. ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಮಾಡುವ ದ್ರಾಕ್ಷಿ ವೈನ್ ಇನ್ನೂ ಕಷ್ಟ. ಅದರ ಶೇಕಡಾವಾರು ಮಾಡಿದವರಿಗೂ ತಿಳಿದಿರುವುದಿಲ್ಲ. ಗುಂಪಿನಲ್ಲಿ ಕೈ ಖಾಲಿ ಇಟ್ಟುಕೊಳ್ಳಲು ಸಂಕೋಚವಾದರೆ ಹೈನೆಕೆನ್ 0.0ದಂಥ ಆಲ್ಕೋಹಾಲ್‌ರಹಿತ ಬಿಯರ್ ಪರವಾಗಿಲ್ಲ, ಓಟ ಮುಗಿದ ಮೇಲಾದರೆ ಉಪ್ಪು ಹಾಕಿದ ನೀರುಮಜ್ಜಿಗೆಯೇ ಉತ್ತಮ. ಋತುಬಂಧದ ನಂತರ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ತಾಯಿಗೋ ಅಕ್ಕತಂಗಿಯರಿಗೋ ಈ ಕಾಯಿಲೆ ಬಂದಿರುವವರು ನನ್ನ ಲೆಕ್ಕವನ್ನು ನೆಚ್ಚಿಕೊಳ್ಳದೆ ತಮ್ಮ ವೈದ್ಯರನ್ನೇ ಕೇಳಬೇಕು. ಓಟವನ್ನಂತೂ ಬಿಡಬೇಡಿ, ಕುಡಿಯುವುದನ್ನು ಇನ್ನೂ ಬಿಡಲಾಗದವರಿಗೂ ವಾರಕ್ಕೆ 150ರಿಂದ 300 ನಿಮಿಷದ ವೇಗದ ನಡಿಗೆಯ ಲಾಭ ಸಿಕ್ಕೇ ಸಿಗುತ್ತದೆ.

ಮುಂದಿನ ಭಾನುವಾರ ಪಾರ್ಕಿಗೆ ನಾನು ಅಳತೆಯ ಬಟ್ಟಲನ್ನು ತರುತ್ತೇನೆ. ನೀವು ಮನೆಯಲ್ಲಿ ಬಳಸುವ ಗ್ಲಾಸನ್ನೇ ತನ್ನಿ, ಅಲ್ಲಿಯೇ ಕುಳಿತು ಅಳೆಯೋಣ.