ಡ್ರಾಸೆರಾದ ಅಂಟುಹನಿ ಒಣಗಿದರೆ ಮೊದಲು ನೀರು ನೋಡಿ

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಡ್ರಾಸೆರಾ ಕೇಪೆನ್ಸಿಸ್ ಎಂಬ ಹುಳು ಹಿಡಿಯುವ ಗಿಡದ ಎಲೆ ತುಂಬ ಅಂಟುಹನಿಗಳಿದ್ದವು. ಈಗ ಒಂದೂ ಇಲ್ಲ, ಎಲೆಯ ತುದಿ ಕಪ್ಪಾಗುತ್ತಿದೆ. ದಿನಾ ಬೋರ್‌ವೆಲ್ ನೀರು ಹಾಕುತ್ತೇನೆ, ಎರೆಗೊಬ್ಬರವನ್ನೂ ಕೊಟ್ಟಿದ್ದೇನೆ. ಹನಿಗಳ ಫೋಟೊ ತೆಗೆಯಬೇಕೆಂದೇ ತರಿಸಿದ್ದು. ಏನು ಮಾಡಲಿ ಸರ್?
– ಓದುಗರು, ಮಾಲೂರು

ಉತ್ತರ: ಗೊಬ್ಬರ, ಬೋರ್‌ವೆಲ್ ನೀರು ಎರಡನ್ನೂ ಇವತ್ತೇ ನಿಲ್ಲಿಸಿ. ಡ್ರಾಸೆರಾ ಸಾರವಿಲ್ಲದ ಜೌಗು ನೆಲದ ಗಿಡ. ಮಣ್ಣಿನಲ್ಲಿ ಸಿಗದ ಸಾರಜನಕಕ್ಕಾಗಿಯೇ ಅದು ಅಂಟು ಸುರಿಸಿ ಹುಳು ಹಿಡಿಯುವುದು. ಅದರ ಬೇರು ಲವಣವನ್ನು ತಾಳಿಕೊಳ್ಳುವುದಿಲ್ಲ. ಕೋಲಾರದ ಕಡೆ ಆಳದ ಬೋರ್‌ವೆಲ್ ನೀರು ಬಹುತೇಕ ಗಡಸು. ನೀರು ಕಾಯಿಸುವ ಪಾತ್ರೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಲವಣ ನಿಮ್ಮ ಕುಂಡದಲ್ಲೂ ಸೇರುತ್ತಾ ಹೋಗಿದೆ.

ಮಳೆನೀರಿಗಿಂತ ಒಳ್ಳೆಯದಿಲ್ಲ. ಮೊದಲ ಮಳೆಗೆ ಚಾವಣಿ ತೊಳೆದುಹೋಗಲಿ, ಆಮೇಲಿನದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದಿಡಿ. ಆರ್‌ಒ ನೀರೂ ನಡೆಯುತ್ತದೆ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ, 50 ಪಿಪಿಎಂ ಒಳಗಿರಬೇಕು ಅಷ್ಟೆ. ಮನೆಯ ಎಷ್ಟೋ ಫಿಲ್ಟರ್‌ಗಳು ರುಚಿಗೆಂದು ಖನಿಜ ಮತ್ತೆ ಬೆರೆಸುತ್ತವೆ, ಆದ್ದರಿಂದ ಟಿಡಿಎಸ್ ಮೀಟರಿನಲ್ಲಿ ಅಳೆದೇ ಹಾಕಿ.

ಹಳೆಯ ಮಣ್ಣನ್ನು ಪೂರ್ತಿ ತೆಗೆದು, ಪೀಟ್ ಮಾಸ್ (ಜೌಗಿನ ಪಾಚಿ ಕೊಳೆತು ಆದ ಪುಡಿ) ಮತ್ತು ಚೆನ್ನಾಗಿ ತೊಳೆದ ದಪ್ಪ ಮರಳು ಬೆರೆಸಿ ಪ್ಲಾಸ್ಟಿಕ್ ಕುಂಡದಲ್ಲಿ ನೆಡಿ. ಕೆಮ್ಮಣ್ಣು ಬೇಡ. ಕೋಕೋಪೀಟ್ ಹಾಕುವುದಾದರೆ ಹಲವು ಸಲ ನೆನೆಸಿ ಹಿಂಡಿ, ಅದರಲ್ಲೂ ಉಪ್ಪಿರುತ್ತದೆ. ಕುಂಡವನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿಡಿ. ಬೆಳಗಿನ ಬಿಸಿಲು ಧಾರಾಳ ಬೀಳಲಿ, ಏಪ್ರಿಲ್ ಮಧ್ಯಾಹ್ನಕ್ಕೆ ನೆರಳುಬಲೆ ಬೇಕು. ಕಪ್ಪಾದ ಎಲೆ ಮತ್ತೆ ಹಸಿರಾಗುವುದಿಲ್ಲ. ನಡುವಿನಿಂದ ಸುರುಳಿ ಬಿಚ್ಚಿಕೊಂಡು ಬರುವ ಹೊಸ ಎಲೆಯಲ್ಲಿ ಹನಿ ಕಂಡರೆ ಗಿಡ ಗೆದ್ದಂತೆ. ಮಾಂಸದ ಚೂರು ಇಡಬೇಡಿ, ಕೊಳೆಯುತ್ತದೆ. ಸೊಳ್ಳೆ, ನುಸಿಗಳೇ ಸಾಕು.

ಫೋಟೊ ಆಮೇಲೆ. ಹನಿ ಬರಲೆಂದು ನೀರು ಚಿಮುಕಿಸುವವರಿದ್ದಾರೆ, ದಯವಿಟ್ಟು ಬೇಡ. ಆ ಹನಿ ಇಬ್ಬನಿಯಲ್ಲ, ಕೆಂಪು ಕೂದಲಿನ ತುದಿಯ ಗ್ರಂಥಿ ಸ್ರವಿಸುವ ಅಂಟು. ಬೆರಳು ತಾಗಿಸಿದರೆ ಎಳೆಯಾಗಿ ಹಿಗ್ಗುತ್ತದೆ, ನೀರು ಬಿದ್ದರೆ ತೊಳೆದುಹೋಗುತ್ತದೆ. ಬೆಳಿಗ್ಗೆ ಏಳು, ಎಂಟರ ಓರೆ ಬಿಸಿಲು ಎಲೆಯ ಹಿಂದಿನಿಂದ ಬರುವಂತೆ ಕುಂಡ ತಿರುಗಿಸಿ, ಗಿಡದ ಆಚೆಗೆ, ಬಿಸಿಲಿಗೆ ಅಡ್ಡವಾಗದಂತೆ, ಕಪ್ಪು ಬಟ್ಟೆ ಕಟ್ಟಿ. ಫ್ಲ್ಯಾಶ್ ಬೇಡ. ಎಲೆಯ ಉದ್ದ ಲೆನ್ಸಿಗೆ ಸಮಾನಾಂತರವಾಗಿದ್ದರೆ ಹೆಚ್ಚು ಹನಿ ಫೋಕಸ್‌ಗೆ ಸಿಗುತ್ತವೆ. ಮೊಬೈಲಾದರೆ ಕ್ಲಿಪ್ ಮ್ಯಾಕ್ರೊ ಲೆನ್ಸ್ ಹಾಕಿ, ಫೋಕಸ್ ಲಾಕ್ ಮಾಡಿ, ಕ್ಯಾಮೆರಾದಲ್ಲಿ ಬೆಳಕನ್ನು (ಎಕ್ಸ್‌ಪೋಷರ್) ಸ್ವಲ್ಪ ತಗ್ಗಿಸಿ. ಗಾಳಿಗೆ ರಟ್ಟು ಅಡ್ಡ ಹಿಡಿಯಿರಿ.

ಕೇಪೆನ್ಸಿಸ್ ಎಲೆ ಹುಳುವನ್ನು ಸುತ್ತಿಕೊಳ್ಳಲು ಗಂಟೆಗಳೇ ಬೇಕು. ವಿಡಿಯೊ ಆಸೆಯಿದ್ದರೆ ಕರ್ನಾಟಕದಲ್ಲೇ ಬೆಳೆಯುವ ಡ್ರಾಸೆರಾ ಬರ್ಮಾನಿ ನೋಡಿ, ಅದರ ಅಂಚಿನ ಕೂದಲು ಸೆಕೆಂಡುಗಳಲ್ಲಿ ಬಾಗುತ್ತದೆ. ಬಯಲಿನಿಂದ ಮಾತ್ರ ಕೀಳಬೇಡಿ. ಬೆಳೆಸುವವರಿಂದ ಬೀಜ ತರಿಸಿ, ಅದು ಬೀಜದಿಂದ ಸುಲಭವಾಗಿ ಏಳುತ್ತದೆ.