ತೈಲ ಬೆಲೆ ಬಿದ್ದು ಕೆಲಸ ಹೋಗಿದೆ. ಬೆಲೆ ಏರುವವರೆಗೆ ಕಾಯಬೇಕಾ, ಕ್ಷೇತ್ರವನ್ನೇ ಬಿಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಬಾವಿ ಕೊರೆಯುವ ಸರ್ವಿಸ್ ಕಂಪನಿಯಲ್ಲಿ ಇದ್ದಿರಿ. ಕಚ್ಚಾ ತೈಲದ ಬೆಲೆ ಬಿತ್ತು, ನಿಮ್ಮ ಇಡೀ ತಂಡವನ್ನು ಮನೆಗೆ ಕಳಿಸಿದರು. ಗೆಳೆಯರೆಲ್ಲ "ಬೆಲೆ ಏರಿದರೆ ವಾಪಸ್ ಕರೆಯುತ್ತಾರೆ, ತಾಳ್ಮೆ ಇರಲಿ" ಅನ್ನುತ್ತಿದ್ದಾರೆ. ನಂಬಿ ಕೂರಬೇಕಾ ಅಂತ ಕೇಳಿದ್ದೀರಿ.

ಬೆಲೆಯನ್ನು ನಂಬಿ ಕೂರಬೇಡಿ. ನಾನು ಮಡ್ ಎಂಜಿನಿಯರ್ ಆಗಿದ್ದವನು, ಅಂದರೆ ಬಾವಿ ಕೊರೆಯುವಾಗ ಒಳಗೆ ಹರಿಸುವ ಕೆಸರಿನಂಥ ದ್ರವವನ್ನು (ಡ್ರಿಲ್ಲಿಂಗ್ ಮಡ್) ನೋಡಿಕೊಳ್ಳುತ್ತಿದ್ದೆ. 2015ರಲ್ಲಿ ನನ್ನ ಕೆಲಸವೂ ಹೀಗೇ ಹೋಯಿತು. ಅಂದಿನಿಂದ ಈ ಏರಿಳಿತವನ್ನು ನೋಡುತ್ತಾ ಬಂದಿದ್ದೇನೆ. ಬೆಲೆ ಖಂಡಿತ ಏರುತ್ತದೆ. ಆದರೆ ಅದರ ಜೊತೆಗೆ ಕೆಲಸಗಳೂ ಅಷ್ಟೇ ವಾಪಸ್ ಬರುತ್ತವೆ ಅಂತಿಲ್ಲ.

ಲೆಕ್ಕ ನೋಡಿ. 2014ರ ಜೂನ್‌ನಲ್ಲಿ ಬ್ರೆಂಟ್ ತೈಲ (ಜಗತ್ತು ಬೆಲೆಗೆ ಅಳತೆಗೋಲಾಗಿ ನೋಡುವ ಕಚ್ಚಾ ತೈಲ) ಬ್ಯಾರೆಲ್‌ಗೆ ಸುಮಾರು 115 ಡಾಲರ್ ಇತ್ತು. 2016ರ ಜನವರಿಗೆ 30ಕ್ಕಿಂತ ಕೆಳಗೆ ಬಂತು. ಅಮೆರಿಕದಲ್ಲಿ 2014ರಲ್ಲಿ 1,900ಕ್ಕೂ ಹೆಚ್ಚು ರಿಗ್ (ಬಾವಿ ಕೊರೆಯುವ ಯಂತ್ರ) ಓಡುತ್ತಿದ್ದವು, 2016ರ ಮೇ ಹೊತ್ತಿಗೆ ಉಳಿದದ್ದು 400 ಚಿಲ್ಲರೆ. ಆಮೇಲೆ 2022ರಲ್ಲಿ ಬೆಲೆ ಮತ್ತೆ 120 ಡಾಲರ್ ದಾಟಿತು. ರಿಗ್‌ಗಳು 1,900ಕ್ಕೆ ಹೋದವಾ? ಆ ವರ್ಷ 800 ಕೂಡ ಮುಟ್ಟಲಿಲ್ಲ. ಆದರೂ 2023ರಲ್ಲಿ ಅಮೆರಿಕ ದಿನಕ್ಕೆ ಸುಮಾರು 129 ಲಕ್ಷ ಬ್ಯಾರೆಲ್ ತೆಗೆಯಿತು, 2014ರಲ್ಲಿ ಅದು 90 ಲಕ್ಷಕ್ಕೂ ಕಡಿಮೆ ಇತ್ತು. ಹೇಗೆ ಅಂದರೆ, ಒಂದೇ ಜಾಗದಿಂದ ಸಾಲಾಗಿ ಹಲವು ಬಾವಿ, ಪ್ರತಿ ಬಾವಿಯೂ ಅಡ್ಡಡ್ಡ ಮೈಲಿಗಟ್ಟಲೆ. ಕಡಿಮೆ ಜನ, ಜಾಸ್ತಿ ತೈಲ. ಹಾಗಾಗಿ ದಿನಾ ಬೆಳಗ್ಗೆ ಬೆಲೆ ನೋಡಿ ಬಿಪಿ ಏರಿಸಿಕೊಳ್ಳಬೇಡಿ. ನೋಡಲೇಬೇಕು ಅಂದರೆ ಬೇಕರ್ ಹ್ಯೂಸ್ ಅನ್ನುವ ತೈಲ ಸರ್ವಿಸ್ ಕಂಪನಿ ಪ್ರತಿ ವಾರ ಹೊರಡಿಸುವ ರಿಗ್ ಎಣಿಕೆ ನೋಡಿ. ನಮ್ಮಂಥವರ ಅನ್ನ ಇರುವುದು ಅಲ್ಲಿ.

ನಮ್ಮನ್ನೇ ಮೊದಲು ಯಾಕೆ ತೆಗೆಯುತ್ತಾರೆ ಅನ್ನುವುದೂ ಗೊತ್ತಿರಲಿ. ಇಲ್ಲದಿದ್ದರೆ "ನನ್ನಲ್ಲೇ ಏನೋ ಕೊರತೆ" ಅನ್ನುವ ಕೊರಗು ಬಿಡುವುದಿಲ್ಲ. ಈಗಾಗಲೇ ಹರಿಯುತ್ತಿರುವ ಬಾವಿಯನ್ನು ನಡೆಸಲು ಖರ್ಚು ಕಡಿಮೆ, ಅದನ್ನು ಸುಲಭಕ್ಕೆ ಮುಚ್ಚುವುದಿಲ್ಲ. ಹೊಸ ಬಾವಿಯನ್ನು ಮುಂದಿನ ವರ್ಷಕ್ಕೆ ತಳ್ಳಬಹುದು. ಆದ್ದರಿಂದ ಮೊದಲ ಏಟು ಸೀಸ್ಮಿಕ್ (ನೆಲಕ್ಕೆ ಕಂಪನ ಕಳಿಸಿ ಒಳಗನ್ನು ಅಳೆಯುವವರು), ಎಕ್ಸ್‌ಪ್ಲೊರೇಶನ್ (ಹೊಸ ತೈಲ ಹುಡುಕುವವರು), ಡ್ರಿಲ್ಲಿಂಗ್ ಜನಕ್ಕೆ. ರಿಫೈನರಿಗಳಿಗೆ 2015ರಲ್ಲಿ ಕಚ್ಚಾ ಮಾಲು ಅಗ್ಗವಾಗಿ ಸಿಕ್ಕಿ ಲಾಭವೇ ಆಯಿತು. 2020ರ ಕಥೆ ಬೇರೆ. ಆಗ ಜನರ ಓಡಾಟವೇ ನಿಂತಿತ್ತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲ ಡಬ್ಲ್ಯುಟಿಐನ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು, ರಿಫೈನರಿಗಳೂ ಒದ್ದಾಡಿದವು. ತೈಲ ಜಾಸ್ತಿಯಾಗಿ ಬೆಲೆ ಬಿದ್ದಿದೆಯಾ, ಕೊಳ್ಳುವವರೇ ಇಲ್ಲದೆ ಬಿದ್ದಿದೆಯಾ ಅಂತ ಮೊದಲು ವಿಚಾರಿಸಿಕೊಳ್ಳಿ. ಮೊದಲನೆಯದಾದರೆ ರಿಫೈನರಿ, ಟರ್ಮಿನಲ್, ಪೈಪ್‌ಲೈನ್ ಕಡೆ ಅರ್ಜಿ ಹಾಕಲು ಅದೇ ಒಳ್ಳೆಯ ಸಮಯ.

ಇನ್ನು ದುಡ್ಡಿನ ವಿಷಯ. ನಮ್ಮ ಕೆಲಸದಲ್ಲಿ ಕೈಗೆ ಬರುವ ಹಣದಲ್ಲಿ ದೊಡ್ಡ ಪಾಲು ಫೀಲ್ಡ್ ಬೋನಸ್, ಅಂದರೆ ರಿಗ್ ಮೇಲೆ ಇದ್ದ ದಿನಗಳಿಗೆ ಸಿಗುವ ಹಣ. ಮೂಲ ಸಂಬಳ ಅದರ ಮುಂದೆ ಏನೂ ಅಲ್ಲ. ಆದರೆ ಸಾಲದ ಕಂತು ನಿಂತಿರುವುದು ಪೂರ್ತಿ ಮೊತ್ತದ ಮೇಲೆ. ಹೊಸ ಕೆಲಸ ಹುಡುಕುವಾಗ "ನನಗೆ ಇಷ್ಟು ಬರುತ್ತಿತ್ತು" ಅನ್ನುವ ಅಂಕಿ ತಲೆಯಲ್ಲಿ ಕೂತಿದ್ದರೆ ಸಿಕ್ಕ ಕೆಲಸವೆಲ್ಲ ಸಣ್ಣದಾಗೇ ಕಾಣುತ್ತದೆ. ಹಳೆಯ ಸ್ಲಿಪ್ ತೆಗೆದು ಬೋನಸ್ ಬೇರೆ, ಮೂಲ ಸಂಬಳ ಬೇರೆ ಮಾಡಿ. ಆ ಮೂಲ ಸಂಬಳವನ್ನೇ ನಿಮ್ಮ ನಿಜವಾದ ಆದಾಯ ಅಂದುಕೊಂಡು ಮನೆ ಖರ್ಚು ಇಳಿಸಿ. ಮನೆಯವರಿಗೂ ಆ ಅಂಕಿಯನ್ನು ಈಗಲೇ ಹೇಳಿಬಿಡಿ. ಮುಚ್ಚಿಟ್ಟರೆ ಅವರು ಹಳೆಯ ಲೆಕ್ಕದಲ್ಲೇ ಖರ್ಚು ಮಾಡುತ್ತಿರುತ್ತಾರೆ.

ಕೊನೆಯ ಕಾಗದಕ್ಕೆ ಸಹಿ ಹಾಕಿಲ್ಲ ಅಂದರೆ ತಡೆಯಿರಿ. ಕೊನೆಯ ಹಿಚ್‌ನ (ರಿಗ್ ಮೇಲಿನ ಒಂದು ಸುತ್ತಿನ ಡ್ಯೂಟಿ) ಬೋನಸ್ ಬಂತಾ? ಉಳಿದ ರಜೆಯ ಹಣ ಸೇರಿದೆಯಾ? ಆರೋಗ್ಯ ವಿಮೆ ಯಾವ ದಿನ ಮುಗಿಯುತ್ತದೆ? ತರಬೇತಿ ಸರ್ಟಿಫಿಕೇಟುಗಳ ಪ್ರತಿ ಕೈಯಲ್ಲಿದೆಯಾ? ಕಂಪನಿಯ ಈಮೇಲ್ ಬಂದ್ ಆದ ಮೇಲೆ ಅವು ಸಿಗುವುದು ಕಷ್ಟ. ಬೋಸಿಯೆಟ್ (ಸಮುದ್ರದ ರಿಗ್‌ಗೆ ಹೋಗಲು ಬೇಕಾದ ಸುರಕ್ಷತಾ ತರಬೇತಿ) ಸರ್ಟಿಫಿಕೇಟು ನಾಲ್ಕು ವರ್ಷ ನಡೆಯುತ್ತದೆ. ಮುಗಿಯಲು ಬಂದಿದ್ದರೂ ಆಫರ್ ಕೈಗೆ ಬರುವ ಮೊದಲು ಸ್ವಂತ ದುಡ್ಡಿನಲ್ಲಿ ನವೀಕರಿಸಲು ಹೋಗಬೇಡಿ. ಈ ಸಮಯದಲ್ಲಿ ಕೋರ್ಸ್ ಮಾರುವವರ ಕಾಟ ಜಾಸ್ತಿ.

ಈಗ ಮುಖ್ಯ ಮಾತು: ನಿಮ್ಮ ಕೈಯ ಕೆಲಸ ತೈಲದ್ದೇ ಅಲ್ಲ. ನಾನು ಆಮೇಲೆ ಸೇರಿದ್ದು ಸುರಂಗ ಕೊರೆಯುವ ಕೆಲಸಕ್ಕೆ. ಸುರಂಗ ಕೊರೆಯುವ ಸ್ಲರಿ ಯಂತ್ರದ ಮುಂದೆ ಮಣ್ಣು ಕುಸಿಯದಂತೆ ಹಿಡಿಯುವುದು ಬೆಂಟೊನೈಟ್ ಜೇಡಿಮಣ್ಣು ಕಲಸಿದ ನೀರು (ಸ್ಲರಿ), ನಮ್ಮ ಡ್ರಿಲ್ಲಿಂಗ್ ಮಡ್‌ನ ತಮ್ಮನೇ ಅನ್ನಿ. ಮೊದಲ ದಿನ ಲ್ಯಾಬಿಗೆ ಹೋದರೆ ಮೇಜಿನ ಮೇಲೆ ಅದೇ ಮಾರ್ಷ್ ಫನಲ್, ದ್ರವ ಎಷ್ಟು ಮಂದ ಅಂತ ಅಳೆಯುವ ಆಲಿಕೆ. ತೂತಿಗೆ ಬೆರಳು ಒತ್ತಿ ಹಿಡಿದು, ಜರಡಿ ಮೂಲಕ ಸ್ಲರಿ ತುಂಬಿ, ಬೆರಳು ತೆಗೆದ ಕೂಡಲೇ ಸ್ಟಾಪ್‌ವಾಚ್ ಒತ್ತುವುದು. ಬರೀ ನೀರಾದರೆ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಇಳಿಯಲು 26 ಸೆಕೆಂಡು. ಪಕ್ಕದಲ್ಲಿ ಸಾಂದ್ರತೆ ತೂಗುವ ಅದೇ ಮಡ್ ಬ್ಯಾಲೆನ್ಸ್. ನನಗೆ ಹೊಸದಾಗಿ ಕಲಿಸಬೇಕಾದದ್ದು ಸುರಂಗದ ಬಗ್ಗೆ ಮಾತ್ರ. ಪೈಲಿಂಗ್ (ಅಡಿಪಾಯದ ಕಂಬ), ಡಯಾಫ್ರಾಮ್ ಗೋಡೆ (ನೆಲದೊಳಗೆ ಕಟ್ಟುವ ಕಾಂಕ್ರೀಟ್ ಗೋಡೆ), ನದಿಯ ಕೆಳಗೆ ಪೈಪ್ ತಳ್ಳುವ ಎಚ್‌ಡಿಡಿ ಕೆಲಸಗಳಲ್ಲೂ ಇದೇ ಸಾಮಾನು.

ಬಾವಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಕೊರೆಯುವ ಡೈರೆಕ್ಷನಲ್ ಡ್ರಿಲ್ಲರ್‌ಗಳಿಗೂ ಎಚ್‌ಡಿಡಿ ಇದೆ, ಭೂಮಿಯ ಶಾಖ ತೆಗೆಯುವ ಬಾವಿಗಳಿವೆ. ಅಮೆರಿಕದ ಯೂಟಾದಲ್ಲಿ ಫೋರ್ಜ್ ಅನ್ನುವ ಭೂಶಾಖ ಸಂಶೋಧನಾ ಯೋಜನೆಯವರು ಬಿಸಿ ಗ್ರಾನೈಟಿನಲ್ಲಿ ಓರೆಯಾಗಿ ಬಾವಿ ಕೊರೆದದ್ದು ತೈಲದವರ ತಂತ್ರದಿಂದಲೇ. ಆದರೆ ಈ ಜಾಗಗಳು ಇನ್ನೂ ಕಡಿಮೆ, ಅದೊಂದನ್ನೇ ನೆಚ್ಚಬೇಡಿ. ರಿಗ್ ಮೆಕ್ಯಾನಿಕ್, ಎಲೆಕ್ಟ್ರೀಷಿಯನ್ ಆಗಿದ್ದರೆ ನಿಮಗೆ ನಮ್ಮೆಲ್ಲರಿಗಿಂತ ಬೇಗ ಕೆಲಸ ಸಿಗುತ್ತದೆ. ದೊಡ್ಡ ಜನರೇಟರ್ ಇರುವ ಕಡೆಯೆಲ್ಲ ನಿಮ್ಮಂಥವರು ಬೇಕು.

ರೆಸ್ಯೂಮೆಯಲ್ಲಿ ರಿಗ್ ಭಾಷೆ ಬಿಡಿ. "12¼ ಇಂಚಿನ ಸೆಕ್ಷನ್ ಮುಗಿಸಿದೆ" ಅಂದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ಜನರನ್ನು ನೋಡಿಕೊಂಡಿರಿ, ಏನು ಕೆಟ್ಟಾಗ ಏನು ಮಾಡಿದಿರಿ, ಅದನ್ನು ಬರೆಯಿರಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಬೆಲೆ ಏರಿದ ಕೂಡಲೇ ಬಿಟ್ಟು ಓಡುತ್ತೀರಿ ಅಲ್ವಾ?" ಇಲ್ಲ ಅಂತ ಆಣೆ ಹಾಕಿದರೆ ಯಾರೂ ನಂಬುವುದಿಲ್ಲ. ಈ ಯೋಜನೆ ಮುಗಿಯುವವರೆಗೆ ಇರುತ್ತೇನೆ ಅನ್ನಿ, ನೋಟಿಸ್ ಅವಧಿ ಉದ್ದ ಇದ್ದರೂ ಒಪ್ಪಿಕೊಳ್ಳಿ. ನನಗೆ ಅದೇ ಕೆಲಸಕ್ಕೆ ಬಂತು.

ಮುಂದೆ ಹಳೆಯ ಕಂಪನಿಯಿಂದ ಕರೆ ಬಂದರೆ ಸಂಬಳ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಆ ರಿಗ್‌ನ ಗುತ್ತಿಗೆ ಎಷ್ಟು ಬಾವಿಗೆ, ಎಷ್ಟು ತಿಂಗಳಿಗೆ ಅಂತ ಕೇಳಿ. ಒಂದೇ ಬಾವಿಗೆ ಅಂದರೆ ನಾನಂತೂ ಇರುವ ಕೆಲಸ ಬಿಟ್ಟು ಹೋಗುವುದಿಲ್ಲ.