‘ಇಯರಿಂಗ್’ ಎಂದರೆ ತೆನೆಯಲ್ಲ, ಉಳುಮೆ

ನಮಸ್ಕಾರ. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೋಸೇಫನು ಬರಗಾಲದ ವಿಷಯವಾಗಿ ತನ್ನ ಸಹೋದರರಿಗೆ ‘ಇನ್ನೂ ಐದು ವರ್ಷ ಇಯರಿಂಗ್ ಆಗಲಿ ಹಾರ್ವೆಸ್ಟ್ ಆಗಲಿ ಇರುವುದಿಲ್ಲ’ ಎನ್ನುತ್ತಾನೆ; ಅದನ್ನು ‘ತೆನೆಯೂ ಕಟ್ಟದು, ಕೊಯ್ಲೂ ಇಲ್ಲ’ ಎಂದು ಓದಬಹುದೇ ಎಂದು ಕೇಳಿದ್ದೀರಿ. ಓದಬಾರದು. ಅಲ್ಲಿರುವುದು ‘ಇಯರ್’ ಎಂಬ, ಈಗ ಬಳಕೆ ತಪ್ಪಿದ ಕ್ರಿಯಾಪದ; ಅದರ ಅರ್ಥ ಉಳುವುದು.

ಕಿವಿ, ತೆನೆ, ಉಳುಮೆ ಮೂರಕ್ಕೂ ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ ಆಗಿದ್ದರೂ ಬೇರುಗಳು ಬೇರೆ. ಉಳುಮೆಯ ಪದ ಹಳೆಯ ಇಂಗ್ಲಿಷಿನ ‘ಎರಿಯನ್’ನಿಂದ ಬಂದದ್ದು, ಲ್ಯಾಟಿನ್ನಿನ ‘ಅರಾರೆ’ ಅದರ ದಾಯಾದಿ. ಸಾಗುವಳಿ ಜಮೀನಿಗೆ ಇಂದು ಹೇಳುವ ‘ಅರೇಬಲ್’ ಲ್ಯಾಟಿನ್ ಕಡೆಯದು. ಅದೇ ಅರ್ಥದ ‘ಇಯರಬಲ್’ ಕೂಡ ಹಿಂದೆ ಇತ್ತು. ನಮ್ಮ ಹೊನ್ನೇರಿನ ‘ಏರು’ ಕಿವಿಗೆ ಇದರಂತೆಯೇ ಕೇಳಿಸುತ್ತದೆ, ಆದರೆ ಅದು ತಮಿಳಿನಲ್ಲೂ ಇರುವ ದ್ರಾವಿಡ ಪದ. ದಯವಿಟ್ಟು ಎರಡನ್ನೂ ಬೆಸೆಯಬೇಡಿ.

ಅರ್ಥ ಉಳುಮೆಯೇ ಎಂಬುದಕ್ಕೆ ಅದೇ ಬೈಬಲಿನ ವಿಮೋಚನಕಾಂಡ 34:21 ಒಳ್ಳೆಯ ಸಾಕ್ಷಿ. ‘ಇಯರಿಂಗ್’ ಕಾಲದಲ್ಲೂ ಕೊಯ್ಲಿನಲ್ಲೂ ಏಳನೆಯ ದಿನ ವಿಶ್ರಮಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ತೆನೆ ಹೊರಡುವ ಹೊತ್ತಿಗೆ ಹಕ್ಕಿ ಕಾಯುವುದನ್ನು ಬಿಟ್ಟರೆ ರೈತನಿಗೆ ಅಂಥ ಅವಸರದ ಕೆಲಸವಿರುವುದಿಲ್ಲ; ಹದ ತಪ್ಪಿದರೆ ವರ್ಷವೇ ಕೈತಪ್ಪುವುದು ಉಳುಮೆಯಲ್ಲಿ, ಕಾಳು ಉದುರಿಹೋಗುವುದು ಕೊಯ್ಲು ತಡವಾದಾಗ. ಎಷ್ಟೇ ಅವಸರವಿದ್ದರೂ ನಿಲ್ಲಿಸಿ ಎಂಬ ಆಜ್ಞೆಗೆ ತೂಕ ಬರುವುದು ಹೀಗೆ ಓದಿದಾಗಲೇ. ಯೆಶಾಯ 30:24ರಲ್ಲಂತೂ ಎತ್ತುಗಳೂ ಕತ್ತೆಮರಿಗಳೂ ನೆಲವನ್ನು ‘ಇಯರ್’ ಮಾಡುತ್ತವೆ. ಅಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಶೇಕ್ಸ್‌ಪಿಯರ್ 1593ರಲ್ಲಿ ತನ್ನ ಕಾವ್ಯವೊಂದರ ಅರ್ಪಣೆಯಲ್ಲಿ, ಈ ಕೃತಿ ಚೆನ್ನಾಗಿಲ್ಲವೆಂದಾದರೆ ಇಂಥ ಬಂಜರನ್ನು ಮತ್ತೆಂದೂ ‘ಇಯರ್’ ಮಾಡೆನು ಎಂದು ಬರೆದದ್ದೂ ಇದೇ ಅರ್ಥದಲ್ಲಿ.

ಉಳುವುದಕ್ಕೆ ಇಂದು ಹೇಳುವ ‘ಪ್ಲೌ’ ಎಂಬ ಪದ ಆಗ ಇರಲಿಲ್ಲವೆಂದಲ್ಲ. ಎತ್ತು ಕತ್ತೆಗಳನ್ನು ಜೊತೆಗೆ ಕಟ್ಟಿ ಉಳಬಾರದೆನ್ನುವ ಧರ್ಮೋಪದೇಶಕಾಂಡದ ವಾಕ್ಯದಲ್ಲಿ ಅದೇ ಬೈಬಲು ‘ಪ್ಲೌ’ ಎಂದೇ ಹೇಳುತ್ತದೆ. 1885ರ ಪರಿಷ್ಕೃತ ಹಳೆಯ ಒಡಂಬಡಿಕೆಯಲ್ಲಿ ಯೋಸೇಫನ ಮಾತಿಗೂ ಅದೇ ಪದ ಬಂತು.

ಹಳೆಯ ಬರಹ ಓದುವಾಗ ಕರ್ತೃ, ಕರ್ಮಗಳನ್ನು ನೋಡಿ. ಮನುಷ್ಯನೋ ಎತ್ತೋ ಕರ್ತೃವಾಗಿ ನೆಲ ಕರ್ಮವಾಗಿದ್ದರೆ ಉಳುಮೆ. ಬೆಳೆಯೇ ಕರ್ತೃವಾಗಿ, ಕರ್ಮವಿಲ್ಲದೆ ‘ಇಯರ್’ ಬಂದರೆ ಅದು ತೆನೆ ಹೊರಡುವುದು. ಇಂದಿನ ಕೃಷಿ ಪುಸ್ತಕಗಳ ‘ಇಯರ್‌ಹೆಡ್’ ಕೂಡ ಈ ತೆನೆಯ ಪದದ ಕಡೆಯದೇ.